ಪಶ್ಚಿಮದ ಗೋಡೆಗೆ ಮರದ ಹಲಗೆ: ಕೆಲಸ ಮಾಡುವುದು ಹಿಂದಿನ ಸಂದಿ

ಕಲಬುರಗಿಯಲ್ಲಿ ಮನೆಯ ಹೊರಗೋಡೆಗೆ ಮರ ಹೊಡೆಸಿದ್ದೀವಿ ಅಂದರೆ ಎಲ್ಲರೂ ಮೊದಲು ಕೇಳುವುದು, "ಗೆದ್ದಲ ಹತ್ತಂಗಿಲ್ಲೇನ್ರೀ?" ಕೆಲವು ವರ್ಷಗಳಾದವು, ಇನ್ನೂ ಹತ್ತಿಲ್ಲ. ಕೆಳಗಿನ ಹಲಗೆ ನೆಲದಿಂದ ಒಂದು ಗೇಣು ಮೇಲಿದೆ. ಗೆದ್ದಲು ಏರಿದರೂ ಆ ಬರಿಗೋಡೆಯ ಮೇಲೆ ಮಣ್ಣಿನ ಸಾಲು ಕಂಡುಬಿಡುತ್ತದೆ.

ಹಾಕಿಸಿದ್ದು ಥರ್ಮೋ ಪೈನ್, ಅಂದರೆ 200 ಡಿಗ್ರಿ ಆಸುಪಾಸಿನಲ್ಲಿ ಹಬೆ ಕೊಟ್ಟು ಕಾಸಿದ ಮರ. ಪಶ್ಚಿಮದ ಗೋಡೆಗೆ ಮಾತ್ರ. ಮೇ ತಿಂಗಳ 42 ಡಿಗ್ರಿ ಬಿಸಿಲು ಕುಡಿದ ಆ ಗೋಡೆ ಮೊದಲು ನಡುರಾತ್ರಿವರೆಗೂ ಮಲಗುವ ಕೋಣೆಗೆ ಕಾವು ಬಿಡುತ್ತಿತ್ತು. ಈಗ ತುಂಬಾ ಕಡಿಮೆ. ಆದರೆ ಅದರ ಶ್ರೇಯ ಮರಕ್ಕಷ್ಟೇ ಹೋಗಬಾರದು.

ಹಲಗೆ ಅಡ್ಡ ಇವೆ, ಅವನ್ನು ಹೊಡೆದಿರುವ ಹಿಂದಿನ ರೀಪರ್‌ಗಳು, ಅಂದರೆ ಪಟ್ಟಿಗಳು, ನೆಟ್ಟಗೆ ನಿಂತಿವೆ. ಗೋಡೆಗೂ ಹಲಗೆಗೂ ನಡುವೆ 25 ಮಿ.ಮೀ. ಸಂದಿ, ಕೆಳಗೂ ಮೇಲೂ ಬಾಯಿ ತೆರೆದದ್ದು. ಕಾದ ಗಾಳಿ ಮೇಲಿಂದ ಹೋಗುತ್ತದೆ, ಕೆಳಗಿಂದ ಬೇರೆ ಗಾಳಿ ಬರುತ್ತದೆ. ಬೇಸಿಗೆಯ ಸಂಜೆ ಏಣಿ ಹತ್ತಿ ಮೇಲಿನ ಬಾಯಿಗೆ ಕೈ ಹಿಡಿದರೆ ಗೊತ್ತಾಗುತ್ತದೆ, ಬಿಸಿ ಗಾಳಿ ಬೆರಳಿಗೆ ತಾಕುತ್ತದೆ. ಮಳೆ ನೀರು ಒಳಗೆ ಹೋದರೂ ಅದೇ ಸಂದಿಯಲ್ಲಿ ಇಳಿದು ಒಣಗುತ್ತದೆ. ರೀಪರ್ ಅಡ್ಡ ಹೊಡೆದರೆ ಇದೆಲ್ಲ ಬಂದ್.

ಕೆಲಸಗಾರರಿಗೆ ಈ ಬಾಯಿ ಕಂಡರೆ ಆಗುವುದಿಲ್ಲ. "ಹಲ್ಲಿ ಸೇರ್ತಾವ್ರಿ, ಮುಚ್ಚಿಬಿಡೋಣ" ಅನ್ನುತ್ತಾರೆ. ಹಲ್ಲಿಗೆ, ಕಣಜಕ್ಕೆ ಸ್ಟೀಲ್ ಜಾಳಿಗೆ ಸಾಕು. ಮೇಲೆ ಮಳೆ ಬೀಳದಂತೆ ತಗಡು ಬಾಗಿಸಿ ಹಾಕಿ, ಆದರೆ ಹಲಗೆಗೂ ತಗಡಿಗೂ ನಡುವೆ ಗಾಳಿಗೆ ಜಾಗ ಇರಲಿ.

ನಮ್ಮಲ್ಲಿ ಕೆಟ್ಟದ್ದು ಕಿಟಕಿಯ ಕೆಳಗೆ. ಹಾಕಿದವರು ಕಿಟಕಿ ಕಲ್ಲಿನ ಅಡಿಗೆ ಹಲಗೆ ಒತ್ತಿ ಸಿಲಿಕಾನ್ ಬಳಿದುಬಿಟ್ಟಿದ್ದರು, ಅಲ್ಲಿ ಸಂದಿಯ ಮೇಲಿನ ಬಾಯಿ ಮುಚ್ಚಿಹೋಗಿತ್ತು. ಚೆಂದ ಕಾಣುತ್ತಿತ್ತು. ಎರಡನೇ ಮಳೆಗಾಲಕ್ಕೆ ಅಲ್ಲಿನ ಹಲಗೆ ಸೊಟ್ಟಗಾದವು. ಬಡಗಿ ಒಂದನ್ನು ಬಿಚ್ಚಿದ: ಹಿಂಬದಿ ತುಂಬ ಕಪ್ಪು ಬೂಸು, ಉಗುರಿಗೆ ಹಸಿ ಹತ್ತುತ್ತಿತ್ತು. ಕಿಟಕಿಯ ಪಕ್ಕದ, ಬಾಯಿ ತೆರೆದೇ ಇದ್ದ ಕಡೆಯ ಹಲಗೆಯನ್ನೂ ಬಿಚ್ಚಿಸಿದೆ. ಅದರ ಹಿಂದೆ ಸುಮ್ನೆ ಧೂಳು, ಮರದ ಕಂದು ಬಣ್ಣ ಹಾಗೇ ಇತ್ತು. ಒಂದೇ ಮರ, ಒಂದೇ ಗೋಡೆ! ಕಲ್ಲಿನ ಅಡಿಯಲ್ಲಿ ಒಂದು ಬೆರಳಷ್ಟು ಸಂದಿ ಬಿಡಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಕಲ್ಲು ಮುಂದಕ್ಕೆ ಚಾಚಿರುವುದರಿಂದ ಮಳೆಯೂ ಒಳಗೆ ಬೀಳುವುದಿಲ್ಲ.

ಬಣ್ಣದ ವಿಷಯ: ಎಣ್ಣೆ ಹಚ್ಚುತ್ತಲೇ ಇರಬೇಕು, ಇಲ್ಲದಿದ್ದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಾನು ಬಿಟ್ಟುಬಿಟ್ಟಿದ್ದೇನೆ, ನನಗೆ ಅದೇ ಇಷ್ಟ. ಅಂಗಳದ ಶಹಾಬಾದ್ ಫರಸಿಯಿಂದ ಸಿಡಿಯುವ ಕೆಸರು ಮಾತ್ರ ಕೆಳಗಿನ ಹಲಗೆಗೆ ಕಲೆ ಮಾಡುತ್ತದೆ. ಬೇಸಿಗೆ ಧೂಳಿಗೆ ಕೆಳಗಿನ ಜಾಳಿಗೆ ಕಟ್ಟಿಕೊಳ್ಳುತ್ತದೆ, ಮೃಗಶಿರಾ ಮಳೆಗೆ ಮುಂಚೆ ಬ್ರಷ್ ಹಾಕಿ ತಿಕ್ಕಬೇಕು.

ಖರ್ಚು ಜಾಸ್ತಿ, ಸುಳ್ಳು ಹೇಳಲ್ಲ. ಉತ್ತರದ ಗೋಡೆಗೂ ಮಾಡಿಸಿ ಅಂತ ಹೇಳುವವರಿದ್ದಾರೆ. ನಾನು ಮಾಡಿಸಲ್ಲ. ಆ ದುಡ್ಡು ಮಾಳಿಗೆಗೆ ಹಾಕುತ್ತೇನೆ, ದಿನವಿಡೀ ಬಿಸಿಲು ಬಡಿಯುವುದು ಅಲ್ಲಿಗೇ ಅಲ್ವಾ?