ಕಿಡ್ನಿ ಕುಂದಿದವರ ಬಿಪಿಗೆ ಟೆಲ್ಮಿಸಾರ್ಟಾನೋ, ಅಮ್ಲೋಡಿಪಿನೋ?

ವಿಜಯಪುರದ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಈ ಎರಡೂ ಮಾತ್ರೆಗಳು ರಕ್ತದೊತ್ತಡ ಇಳಿಸುತ್ತವೆ. ಆದರೆ ಮೂತ್ರಪಿಂಡದ ಶಕ್ತಿ ಕುಂದಿದವರು ಆಯ್ಕೆಗೆ ಮುನ್ನ ಬಿಪಿಯ ಅಂಕಿಯ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬುದನ್ನೂ ನೋಡಿಸಿಕೊಳ್ಳಬೇಕು.

ಸೋರಿಕೆ ಹೆಚ್ಚಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಜೊತೆಗಿದ್ದರೆ, ಟೆಲ್ಮಿಸಾರ್ಟಾನ್‌ನದೇ ಮೇಲುಗೈ. ಅದು ರಕ್ತ ಸೋಸುವ ಸೂಕ್ಷ್ಮ ನಾಳಗಳೊಳಗಿನ ಒತ್ತಡವನ್ನೇ ತಗ್ಗಿಸುತ್ತದೆ. ಇದೇ ಕಾರಣಕ್ಕೆ ಆರಂಭದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ, ರಕ್ತದಲ್ಲಿ ಅಳೆಯುವ ತ್ಯಾಜ್ಯ) ತುಸು ಏರಬಹುದು, 1.8 ಇದ್ದದ್ದು 2.1 ಆಯಿತೆಂದು ಗಾಬರಿಯಾಗಿ ಮಾತ್ರೆ ಬಿಡುವವರಿದ್ದಾರೆ, ಆದರೆ ಶೇ. 30ರೊಳಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಜವಾದ ಎಚ್ಚರ ಬೇಕಿರುವುದು ಪೊಟ್ಯಾಸಿಯಂ ವಿಷಯದಲ್ಲಿ, ಈ ಮಾತ್ರೆಯಿಂದ ರಕ್ತದಲ್ಲಿ ಅದು ಏರಬಹುದು: ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ 2ರಿಂದ 4 ವಾರಗಳೊಳಗೆ ರಕ್ತಪರೀಕ್ಷೆ ಆಗಲೇಬೇಕು. ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲಿನಲ್ಲಿ ವಾಂತಿಭೇದಿ ಹತ್ತಿದರೆ ಈ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು. ಮೊಣಕಾಲು ನೋವಿಗೆ ತಾವಾಗಿಯೇ ಡೈಕ್ಲೋಫೆನಾಕ್ ನುಂಗುವುದಂತೂ ಬೇಡವೇ ಬೇಡ. ಗರ್ಭಿಣಿಯರಿಗೆ ಟೆಲ್ಮಿಸಾರ್ಟಾನ್ ಸಲ್ಲದು.

ಅಮ್ಲೋಡಿಪಿನ್‌ಗೆ ಇಷ್ಟು ಕಾವಲು ಬೇಡ. ಅದನ್ನು ಯಕೃತ್ತು ವಿಲೇವಾರಿ ಮಾಡುವುದರಿಂದ ಕಿಡ್ನಿಗಾಗಿ ಪ್ರಮಾಣ ಇಳಿಸಬೇಕಿಲ್ಲ, ಪೊಟ್ಯಾಸಿಯಂ ಕೂಡ ಏರುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ಚಪ್ಪಲಿ ಪಟ್ಟಿಯ ಗುರುತು ಮೂಡುವಷ್ಟು ಪಾದ ಬಾತುಕೊಳ್ಳಬಹುದು, ಅದನ್ನು ಕಿಡ್ನಿಯ ಬಾವೆಂದೇ ತಿಳಿಯುವುದೂ ಉಂಟು. ಸೋರಿಕೆ ಇಲ್ಲದವರಿಗೆ ಇದು ಒಳ್ಳೆಯ ಆಯ್ಕೆ. ಇದ್ದವರು ಇದೊಂದನ್ನೇ ನೆಚ್ಚುವುದು ನನ್ನ ದೃಷ್ಟಿಯಲ್ಲಿ ಸಾಲದು. ಅನೇಕರಿಗೆ ಎರಡೂ ಬೇಕಾಗುತ್ತವೆ.

ರೊಟ್ಟಿಯ ಜೊತೆಗಿನ ಉಪ್ಪಿನಕಾಯಿಯನ್ನು ಇಬ್ಬರೂ ಕಡಿಮೆ ಮಾಡಬೇಕು. ಆದರೆ ಟೆಲ್ಮಿಸಾರ್ಟಾನ್ ನುಂಗುವವರು ಅದಕ್ಕೆ ಬದಲಾಗಿ ‘ಲೋ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು, ಏಕೆಂದರೆ ಅದರಲ್ಲಿ ಸೋಡಿಯಂ ಜಾಗವನ್ನು ತುಂಬುವುದು ಸಾಮಾನ್ಯವಾಗಿ ಪೊಟ್ಯಾಸಿಯಂ.