ಲಾಂಚಿನ 43 ಫೋಟೋ, ಮತ್ತು ವಿಕಿಮೀಡಿಯಾ ಕಾಮನ್ಸ್

ನನ್ನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಸಾಗರದಿಂದ ಬಂದು ಹೊಳೆಬಾಗಿಲಲ್ಲಿ ಬಸ್ಸು, ಕಾರನ್ನೂ ದಾಟಿಸುವ ಲಾಂಚ್ ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಇದ್ದ ದೂರ ಎರಡೂವರೆ ಕಿಲೋಮೀಟರೂ ಇಲ್ಲ. ಆದರೆ ಅದರ ಬೆಲೆ ಕೊನೇ ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ನಿಂತವರಿಗೇ ಗೊತ್ತು. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ನನ್ನ ಮೊಬೈಲಿನಲ್ಲಿ ಮಾತ್ರ ಲಾಂಚಿನ 43 ಫೋಟೋ ಉಳಿದುಬಿಟ್ಟವು. ಒಂದೂ ಚಂದದ್ದಲ್ಲ. ಬಸ್ಸಿಗೂ ಕಂಬಿಗೂ ನಡುವೆ ಗೇಣು ಜಾಗದಲ್ಲಿ ಬೈಕು ತೂರಿಸಿಕೊಂಡು ನಿಂತವನು, ತಲೆ ಮೇಲೆ ಟವೆಲ್ ಹಾಕಿಕೊಂಡ ಅಜ್ಜಿ, ಬೇಸಿಗೆಯಲ್ಲಿ ನೀರು ಇಳಿದು ಕೆಂಪು ಮಣ್ಣು ಬಿಟ್ಟುಕೊಂಡ ದಡ. ಇನ್ಸ್ಟಾಗ್ರಾಮಿಗೆ ಇವು ಬೇಡ. ವಾಟ್ಸಾಪಿಗೆ ಹಾಕಿದರೆ ನಾಳೆ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತುಹೋಗುತ್ತವೆ. ಹಿಂದೊಮ್ಮೆ ಯಾವುದೋ ಫೋಟೋ ಸೈಟಿಗೆ ಊರ ಜಾತ್ರೆಯ ಚಿತ್ರಗಳನ್ನೆಲ್ಲ ಸುರಿದಿದ್ದೆ. ಆ ಸೈಟೇ ಬಾಗಿಲು ಹಾಕಿತು. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ.

ಹಾಗಾಗಿ ಈ ಸಲ ವಿಕಿಮೀಡಿಯಾ ಕಾಮನ್ಸ್. ವಿಕಿಪೀಡಿಯಾದಲ್ಲಿ ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ಇರುವುದು ಇಲ್ಲೇ. 2004ರಿಂದ ನಡೆಯುತ್ತಿದೆ, 10 ಕೋಟಿಗೂ ಜಾಸ್ತಿ ಫೈಲುಗಳಿವೆ. ದುಡ್ಡು ಕೇಳುವುದಿಲ್ಲ, ಜಾಹೀರಾತಿಲ್ಲ. ಹಾಕಿದ ಫೋಟೋ ಹಾಕಿದ ಅಳತೆಯಲ್ಲೇ ಇರುತ್ತದೆ, ಕುಗ್ಗಿಸುವುದಿಲ್ಲ.

ಹಾಕುವ ಕೆಲಸ ಮಾತ್ರ ನಿಧಾನ. ಮೊಬೈಲು ತಾನೇ ಕೊಡುವ ‘ಐಎಂಜಿ’ ಮತ್ತು ಒಂದು ನಂಬರ್ ಅನ್ನುವಂಥ ಹೆಸರನ್ನು ಅದು ಒಪ್ಪುವುದಿಲ್ಲ. ಏನಿದು, ಎಲ್ಲಿಯದು, ಯಾವತ್ತು ತೆಗೆದದ್ದು ಅಂತ ಬರೆಯಬೇಕು. ಮೊದಲ ದಿನ ರೇಗಿತು. ಎರಡು ತಾಸಿಗೆ ಆರೇ ಫೋಟೋ! ಆದರೆ ವಿವರಣೆಯ ಜಾಗದಲ್ಲಿ ‘ಲಾಂಚ್’ ಅಂತ ಬರೆದು ಮುಂದೆ ಹೋಗಲು ಕೈ ಬರಲಿಲ್ಲ. ಬೆಂಗಳೂರಿನವರಿಗೆ ಏನು ತಿಳಿದೀತು? ಅಳಿಸಿ ಬರೆದೆ: ‘ಲಿಂಗನಮಕ್ಕಿ ಹಿನ್ನೀರು ದಾಟಿಸುವ ಚಪ್ಪಟೆ ದೋಣಿ. ಜನ, ಬಸ್ಸು, ಕಾರು ಎಲ್ಲ ಒಟ್ಟಿಗೆ. ನೀರು ತೀರಾ ಇಳಿದರೆ ವಾಹನ ಹತ್ತಿಸುವುದಿಲ್ಲ.’ ಇಷ್ಟು ಬರೆಯುವಾಗಲೇ ಗೊತ್ತಾದದ್ದು, ನಾನು 43 ಫೋಟೋ ತೆಗೆದರೂ ಟಿಕೆಟ್ ಕೊಡುವ ಜಾಗದ್ದು ಒಂದೂ ತೆಗೆದಿಲ್ಲ ಅಂತ.

ವಿವರಣೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಹುಡುಕಬಹುದು. ಚಿತ್ರಗಳನ್ನು ವಿಂಗಡಿಸಿ ಇಡುವ ವರ್ಗಗಳ ಹೆಸರು ಮಾತ್ರ ಇಂಗ್ಲಿಷಿನಲ್ಲಿರಬೇಕು, ಅದು ಅಲ್ಲಿಯ ನಿಯಮ. ಲಾಂಚಿನ ಜೊತೆ ಊರಿನ ಬೇರೆ ಕೆಲವು ಫೋಟೋಗಳನ್ನೂ ಹಾಕಲು ಹೊರಟಿದ್ದೆ. ಮನೆ ಮುಂದಿನ ಅಡಿಕೆ ಚಪ್ಪರವನ್ನು, ಹಳ್ಳಕ್ಕೆ ಹಾಕಿದ ಸಂಕವನ್ನು ಯಾವ ವರ್ಗಕ್ಕೆ ಸೇರಿಸುವುದು? ಸಂಕವನ್ನು ಕಾಲುಸೇತುವೆಗಳ ಜೊತೆ ಇಟ್ಟೆ. ಎರಡು ಅಡಿಕೆ ಮರ ಅಡ್ಡ ಮಲಗಿಸಿದ್ದು ಅಲ್ಲಿ ಕಬ್ಬಿಣದ ಸೇತುವೆಗಳ ನಡುವೆ ಕೂತಿದೆ, ಪಾಪ.

ಹಕ್ಕಿನ ವಿಷಯ ಸರಿಯಾಗಿ ತಿಳಿದುಕೊಂಡೇ ಹಾಕಿ. ಇಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ನಿಮ್ಮ ಹೆಸರು ಹಾಕಬೇಕು ಅನ್ನುವ ಷರತ್ತು ಇಡಬಹುದು, ಮಾರಬಾರದು ಅನ್ನುವ ಷರತ್ತು ಇಡುವ ಹಾಗಿಲ್ಲ. ಕೊಟ್ಟ ಅನುಮತಿ ಹಿಂದೆ ತೆಗೆದುಕೊಳ್ಳುವುದೂ ಆಗುವುದಿಲ್ಲ. ಅಪ್ಪಯ್ಯನ ಟ್ರಂಕಿನಲ್ಲಿ ಹಳೇ ಲಾಂಚಿನ ಕಪ್ಪುಬಿಳುಪು ಫೋಟೋ ಒಂದಿದೆ. ತೆಗೆದವರು ಯಾರೋ, ಎಲ್ಲಾದರೂ ಅಚ್ಚಾಗಿದೆಯೋ, ಒಂದೂ ತಿಳಿಯದು. ತೆಗೆದವರು ಯಾರೆಂದು ಗೊತ್ತಿಲ್ಲದ ಫೋಟೋಗೂ ನಮ್ಮಲ್ಲಿ ಪ್ರಕಟವಾದಲ್ಲಿಂದ 60 ವರ್ಷ ಹಕ್ಕು ಇರುತ್ತದೆ. ಪ್ರಿಂಟ್ ನಮ್ಮ ಟ್ರಂಕಿನಲ್ಲಿದೆ ಅಂದಮಾತ್ರಕ್ಕೆ ಹಕ್ಕು ನಮ್ಮದಾಗುವುದಿಲ್ಲ. ಅದು ಟ್ರಂಕಿಗೇ ವಾಪಸ್ ಹೋಯಿತು.

ಪಕ್ಕದ ಮನೆಯ ಗೋಡೆ ಮೇಲೆ ಬರೆದ ಹಸೆ ಚಿತ್ತಾರದ್ದೂ ಅದೇ ಕಥೆ. ಬೀದಿಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆದರೆ ನಮ್ಮ ಕಾನೂನಿನಲ್ಲಿ ತೊಂದರೆ ಇಲ್ಲ. ಗೋಡೆಯ ಚಿತ್ರ ಹಾಗಲ್ಲ, ಅದು ಬರೆದವರ ಸೊತ್ತು. ಆ ಅಕ್ಕನನ್ನು ಕೇಳಿದರೆ ‘ಹಾಕೇ, ಅದಕ್ಕೇನು’ ಅಂದರು. ಯಾರಾದರೂ ಅದನ್ನೇ ಸೀರೆ ಮೇಲೆ ಅಚ್ಚು ಹಾಕಿ ಮಾರಬಹುದು ಅಂದೆ. ಸುಮ್ಮನಾದರು. ಆಮೇಲೆ ‘ಬ್ಯಾಡ ಬಿಡು’ ಅಂದರು. ಹಾಕಲಿಲ್ಲ.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗವೂ ಜೊತೆಗೆ ಹೋಗುತ್ತದೆ. ದಡಕ್ಕೆ ಅದು ಒಳ್ಳೆಯದೇ, ನೀರು ಎಲ್ಲಿಯವರೆಗೆ ಇತ್ತು ಅಂತ ಮುಂದೆ ನೋಡುವವರಿಗೆ ಸಿಗುತ್ತದೆ. ಮನೆ, ಕೊಟ್ಟಿಗೆಯ ಫೋಟೋಗಳಿಂದ ಆ ಜಾಗದ ವಿವರವನ್ನು ನಾನು ತೆಗೆದುಹಾಕಿದೆ. ಮುಖ ಎದ್ದು ಕಾಣುವವನ್ನು ಹಾಕಲೇ ಇಲ್ಲ, ಆ ಟವೆಲ್ ಅಜ್ಜಿಯನ್ನೂ.

ಮನೆ ಮದುವೆ, ನಾಮಕರಣದ ಆಲ್ಬಮ್ ಇಡಲು ಇದು ಜಾಗವಲ್ಲ. ಅದಕ್ಕೆ ಒಂದು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಊರಿನ ದಾರಿ, ಕಟ್ಟೆ, ಸಂತೆ, ಕೆರೆ ಏರಿಗಾದರೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ಇಂಗ್ಲಿಷ್ ವರ್ಗಗಳಿಗೆ.

ಕೊನೆಗೆ 43ರಲ್ಲಿ 19 ಹೋದವು. ಅಪ್ಪಯ್ಯನಿಗೆ ಫೋನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು. ಏಳನೆಯದಕ್ಕೆ ನಿಂತರು. ‘ಇದು ಕಳಸವಳ್ಳಿ ಅಲ್ದೇ ಮಾರಾಯ್ತಿ, ಹೊಳೆಬಾಗ್ಲು. ಆ ಮರ ನೋಡು.’ ವಿವರಣೆಯನ್ನು ಆಮೇಲೂ ತಿದ್ದಬಹುದು, ಅವತ್ತೇ ತಿದ್ದಿದೆ. ಫೈಲಿನ ಹೆಸರಲ್ಲೂ ಕಳಸವಳ್ಳಿ ಅಂತಲೇ ಇದೆ. ಅದನ್ನು ಬದಲಿಸಲು ಕೋರಿಕೆ ಹಾಕಿ ಕಾಯುತ್ತಿದ್ದೇನೆ.