ಅಲ್ಯುಮಿನಾ ಫಿಲ್ಟರ್, ಮೂರು ವರ್ಷದ ಮೇಲೆ: ನೀರೇನೋ ಚೆನ್ನಾಗಿದೆ, ತೊಳೆದ ನೀರು ಎಲ್ಲಿ ಹಾಕೋದು?

ನಮ್ಮದು ಮಡಕಶಿರಾ ಕಡೆಯ ಹಳ್ಳಿ. ಗಡಿ ದಾಟಿದರೆ ಪಾವಗಡ. ಎರಡೂ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಬೋರಲ್ಲಿ ಲೀಟರಿಗೆ 4 ಮಿಲಿಗ್ರಾಂ ಬಂದಿತ್ತು. 1.5 ದಾಟಬಾರದು, ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಅಮ್ಮನಿಗೆ ಮಂಡಿ ಮಡಚಲು ಆಗುವುದಿಲ್ಲ, ನನ್ನ ಹಲ್ಲಲ್ಲೂ ಕಂದು ಪಟ್ಟೆ ಇದೆ. ಮಗಳಿಗೆ ಎರಡು ವರ್ಷ ತುಂಬಿದಾಗ ಈ ಫಿಲ್ಟರ್ ತಂದೆ. ಕರೆಂಟ್ ಬೇಡ, ಬೆಲೆಯೂ ಕೈಗೆಟುಕುವಂತಿತ್ತು.

ರಾತ್ರಿ ಊಟ ಆದ ಮೇಲೆ ಮೇಲಿನ ಪಾತ್ರೆಗೆ ಕೊಡದ ನೀರು ಸುರಿಯುತ್ತೇನೆ. ಒಳಗಿರುವ 3 ಕೆಜಿ ಬಿಳಿ ಕಾಳುಗಳ (ಫ್ಲೋರೈಡ್ ಹಿಡಿದಿಡುವ ಅಲ್ಯುಮಿನಾ ಇದೇ) ನಡುವೆ ಇಳಿದು ಅದು ಕೆಳಗೆ ತೊಟ್ಟಿಕ್ಕುತ್ತದೆ. ಆ ಟಪ್ ಟಪ್ ಕೇಳದಿದ್ದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಮೊದಲ ಚೊಂಬು ಕಾಫಿಗೆ. ಬೇಳೆಗೂ ಅಕ್ಕಿಗೂ ಇದೇ ನೀರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅಲ್ವಾ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಭಾನುವಾರ ಸಣ್ಣ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಹಾಕುತ್ತೇವೆ. ಗುಲಾಬಿ ನಿಂತರೆ ಸರಿ, ಹಳದಿಗೆ ತಿರುಗಿದರೆ ಕಾಳು ತೊಳೆಸುವ ಸಮಯ. ಈಗ ಬಣ್ಣ ಹೇಳುವುದು ಮಗಳ ಕೆಲಸ.

ನನಗೆ ಬೇಸರ ತಂದಿದ್ದು ಆ ತೊಳೆಯುವ ಕೆಲಸವೇ. ಮೂರು ತಿಂಗಳಿಗೊಮ್ಮೆ ಅಂಗಡಿಯ ಹುಡುಗ ಬರುತ್ತಾನೆ. ಕಾಳಿಗೆ ಮೊದಲು ಕಾಸ್ಟಿಕ್ ಸೋಡಾ ನೀರು, ಆಮೇಲೆ ತೆಳು ಆಸಿಡ್. ಹಿಡಿದಿಟ್ಟ ಫ್ಲೋರೈಡೆಲ್ಲ ಆ ನೀರಿಗೆ ಬಿಟ್ಟುಕೊಳ್ಳುತ್ತದೆ. ಮೊದಲ ಸಲ ಅದನ್ನು ಹಾಗೇ ಹಿತ್ತಿಲ ಮೋರಿಗೆ ಚೆಲ್ಲಿದ. ವಾರದಲ್ಲಿ ಕರಿಬೇವಿನ ಗಿಡ ಒಣಗಿತು. ಅದು ಕಾಸ್ಟಿಕ್ಕಿನ ಉರಿ ಇರಬೇಕು. ನನಗೆ ಭಯವಾದದ್ದು ಬೇರೆಯದಕ್ಕೆ. ನಮ್ಮ ಬೋರ್ ಅಲ್ಲಿಂದ ಮೂವತ್ತೇ ಹೆಜ್ಜೆ.

ಕೂತು ಲೆಕ್ಕ ಹಾಕಿದೆ. ದಿನಕ್ಕೆ 20 ಲೀಟರ್, ಲೀಟರಿಗೆ 3 ಮಿಲಿಗ್ರಾಂ ಹಿಡಿದರೆ 90 ದಿನಕ್ಕೆ 5.4 ಗ್ರಾಂ. ತೊಳೆದ ನೀರೆಲ್ಲ ಸೇರಿ ಸುಮಾರು 30 ಲೀಟರ್. ಅಂದರೆ ಲೀಟರಿಗೆ 180 ಮಿಲಿಗ್ರಾಂ! ಬೋರಿನ ನೀರಿಗಿಂತ 45 ಪಟ್ಟು. ಕೇಳಿದರೆ ಅಂಗಡಿಯವರು "ಮಣ್ಣು ಹೀರಿಕೊಳ್ಳುತ್ತೆ ಬಿಡಿ" ಎಂದರು. ಮಣ್ಣಲ್ಲಿ ಅದು ಕೊಳೆತು ಹೋಗುವ ವಸ್ತುವಲ್ಲ. ಮಳೆ ಬಂದರೆ ನೀರಿನ ಜೊತೆ ಕೆಳಗಿಳಿಯುತ್ತದೆ. ಸೋಸಿ ತೆಗೆದ ವಿಷವನ್ನು ನಾವೇ ಮತ್ತೆ ಬೋರಿಗೆ ಕೊಟ್ಟಂತೆ. ಆ ವಾರ ಫಿಲ್ಟರ್ ವಾಪಸ್ ಕೊಟ್ಟುಬಿಡಬೇಕು ಅನಿಸಿತ್ತು.

ಕೊಡಲಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ತಂದೆ. ಈಗ ಹುಡುಗ ಕೈಗವಸು, ಕನ್ನಡಕ ಹಾಕಿಕೊಂಡು ಎರಡೂ ನೀರನ್ನು ನಿಧಾನವಾಗಿ ಅದಕ್ಕೇ ಬಿಡುತ್ತಾನೆ. ಸುಣ್ಣ ಕಲಸಿ ಎರಡು ದಿನ ಬಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಫ್ಲೋರೈಡಿನ ಹೆಚ್ಚು ಪಾಲು ಸುಣ್ಣಕ್ಕೆ ಅಂಟಿಕೊಂಡು ಅದರಲ್ಲಿರುತ್ತದೆ. ಮೇಲಿನ ನೀರು ತಿಳಿಯಾಗಿ ಕಂಡರೂ ಮೋಸ ಹೋಗಬೇಡಿ. ಸುಣ್ಣದಿಂದ ಲೀಟರಿಗೆ 8 ಮಿಲಿಗ್ರಾಂಗಿಂತ ಕೆಳಗೆ ಇಳಿಸುವುದು ಕಷ್ಟ. ಗಿಡಕ್ಕೂ ಹಾಕುವುದಿಲ್ಲ, ದನಕ್ಕೂ ಇಡುವುದಿಲ್ಲ. ಮಹಡಿ ಮೇಲೆ ಇಟ್ಟಿಗೆ ಕಟ್ಟಿ, ದಪ್ಪ ಟಾರ್ಪಾಲ್ ಹಾಸಿ, ಗಸಿ ಸಮೇತ ಅಲ್ಲೇ ಒಣಗಿಸುತ್ತೇವೆ. ನಮ್ಮ ಬಿಸಿಲು ಇದಕ್ಕಾದರೂ ಬಂತಲ್ಲ ಎಂದು ಅಮ್ಮ ಹೇಳುತ್ತಾಳೆ. ಮಳೆ ಮೋಡ ಕಂಡರೆ ಓಡಿ ಮುಚ್ಚಬೇಕು. ಉಳಿದ ಪುಡಿ ಪೇಂಟ್ ಬಕೆಟ್ಟಲ್ಲಿ, ಮುಚ್ಚಳ ಬಿಗಿದು, ಮಗಳ ಕೈಗೆ ಸಿಗದ ಕಡೆ. ಒಂದು ಬಕೆಟ್ ತುಂಬುತ್ತಾ ಬಂದಿದೆ. ಅದನ್ನು ಒಯ್ಯಲು ಇನ್ನೂ ಯಾರೂ ಇಲ್ಲ. ಕಾಳು ಪೂರ್ತಿ ಸವೆದಾಗ ಅದೂ ಇದೇ ಸಾಲಿಗೆ ಸೇರುತ್ತದೆ.

ಆರ್‌ಓ ತಗೊಳ್ಳಿ ಎನ್ನುವವರಿಗೆ ಒಂದು ಮಾತು. ಅದು ಬಿಡುವ ನೀರಲ್ಲೂ ಫ್ಲೋರೈಡ್ ಸಾಂದ್ರವಾಗಿರುತ್ತದೆ, ಅದೂ ಪ್ರತಿದಿನ.

ಫಿಲ್ಟರ್ ಮಾತ್ರ ಮತ್ತೆ ಕೊಳ್ಳಬೇಕಾಗಿ ಬಂದರೂ ಇದನ್ನೇ ಕೊಳ್ಳುತ್ತೇನೆ. ಮಗಳಿಗೆ ಹೊಸ ಹಲ್ಲು ಬರುವ ಕಾಲ ಹತ್ತಿರವಾಯಿತು. ನೀವು ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲೇ ತೊಳೆದ ನೀರಿನ ವಿಷಯ ಮಾತಾಡಿ. ನಮ್ಮ ಬೀದಿಯಲ್ಲಿ ಇದೇ ಫಿಲ್ಟರ್ ಇನ್ನೂ ನಾಲ್ಕು ಮನೆಯಲ್ಲಿದೆ. ಡ್ರಮ್ ಇಟ್ಟರೆ ಹುಡುಗ ಡ್ರಮ್ಮಿಗೆ ಸುರಿಯುತ್ತಾನೆ, ಇಡದಿದ್ದರೆ ಮೋರಿಗೆ. ಎರಡು ಮನೆಯವರು ಇಟ್ಟಿದ್ದಾರೆ.